ಸಂಕಷ್ಟಿಯ ಚಂದ್ರನಿಗಾಗಿ ತರಿಸಿದ ದೂರದರ್ಶಕ

ಅಗ್ಗದ ಸಾಮಾನೊಂದು ಮನೆಯಲ್ಲಿದ್ದರೆ ನಗುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಸುಂಕದಕಟ್ಟೆಯ ನಮ್ಮ ಮನೆಗೆ ಬಂದದ್ದು ದೂರದರ್ಶಕ.

ನಮ್ಮ ಅತ್ತೆಯವರು ಪ್ರತಿ ತಿಂಗಳೂ ಸಂಕಷ್ಟಿಯ ಉಪವಾಸ ಮಾಡುತ್ತಾರೆ. ಚಂದ್ರನನ್ನು ನೋಡದೆ ಅನ್ನ ಮುಟ್ಟುವುದಿಲ್ಲ. ಎದುರಿಗೆ ಮೂರಂತಸ್ತಿನ ಮನೆ ಎದ್ದ ಮೇಲೆ ಚಂದ್ರ ಕಾಣುವುದು ತಡವಾಗಿ, ವಯಸ್ಸಾದ ಅವರಿಗೆ ತಲೆ ಸುತ್ತಲಾರಂಭಿಸಿತು. ದೂರದ್ದನ್ನು ಹತ್ತಿರ ತರುವ ಯಂತ್ರ ಚಂದ್ರನನ್ನೂ ಬೇಗ ತರಬಹುದೆಂದು ನಂಬಿ, ಫೋನಿನಲ್ಲಿ ನೋಡಿ ನಾನೇ ತರಿಸಿದೆ.

ಮೊದಲ ಸಂಜೆ

ಪೆಟ್ಟಿಗೆಯ ಮೇಲೆ ಬಳೆ ತೊಟ್ಟ ಶನಿಗ್ರಹದ ಚಿತ್ರವಿತ್ತು. ಒಳಗಿನ ಚೀಟಿ ಇಂಗ್ಲಿಷಿನಲ್ಲಿತ್ತು. ಐದನೆಯ ತರಗತಿಗೆ ಶಾಲೆ ಬಿಟ್ಟ ನಾನು ಚಿತ್ರಗಳನ್ನು ನೋಡಿಯೇ ಅದರ ಮೂರು ಕಾಲುಗಳನ್ನು ಜೋಡಿಸಿ ಮಹಡಿಯಲ್ಲಿ ನಿಲ್ಲಿಸಿದೆ.

ಅತ್ತೆಯವರು ಬಗ್ಗಿ ನೋಡಿದರು. ಕಗ್ಗತ್ತಲು.

"ಅಮಾವಾಸ್ಯೆನೇ ತುಂಬಿ ಕಳ್ಸಿದಾರೆ ಕಣೇ! ಮೋಸಗಾರರು!"

ಕೊಳವೆಯ ತುದಿಯ ಮುಚ್ಚಳ ಹಾಗೆಯೇ ಇದ್ದುದು ಆಗ ನನಗೆ ಕಂಡಿತು. ಸದ್ದಿಲ್ಲದೆ ತೆಗೆದು ಸೆರಗಿನಲ್ಲಿ ಅಡಗಿಸಿದೆ.

"ನೋಡಿದ್ಯಾ, ಬೈದ್ ತಕ್ಷಣ ಬೆಳಕಾಯ್ತು!" ಎಂದರು ಅತ್ತೆ.

ಎದುರುಮನೆ

ಹಗಲಿನಲ್ಲಿ ಅಭ್ಯಾಸ ಮಾಡೋಣವೆಂದು ಎದುರುಮನೆಯ ನೀರಿನ ಟ್ಯಾಂಕಿನತ್ತ ತಿರುಗಿಸಿದೆ. ಕೊಳವೆಯೊಳಗೆ ಟ್ಯಾಂಕು ತಲೆಕೆಳಗಾಗಿ ನೇತಾಡುತ್ತಿತ್ತು. ಅಷ್ಟರಲ್ಲಿ ಆ ಮನೆಯಾಕೆಯೇ ನಮ್ಮ ಮೆಟ್ಟಿಲು ಹತ್ತಿ ಬಂದರು.

"ಏನ್ ಆಂಟಿ, ನಮ್ಮನೆ ಕಡೆ ಇಟ್ಕೊಂಡು ಏನ್ ನೋಡ್ತಾ ಇದೀರಾ?"

ನಾಚಿಕೆಯಿಂದ ಪಕ್ಕಕ್ಕೆ ಸರಿದೆ. ನೀವೇ ನೋಡಿ ಎಂದು ಕೈಸನ್ನೆ ಮಾಡಿದೆ. ಆಕೆ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡರು.

"ಅಯ್ಯೋ! ಟ್ಯಾಂಕ್ ಕೆಳಗಡೆ, ಮನೆ ಮೇಲ್ಗಡೆ! ವಾಸ್ತುಗೆ ಅಂತಾನೇ ಎರಡ್ ಸಲ ಒಡ್ಸಿ ಕಟ್ಸಿದ್ವಲ್ಲ ಆಂಟಿ!"

ಸಂಕಷ್ಟಿಯ ದಿನ

ಅತ್ತೆಯವರು ಅರ್ಘ್ಯದ ನೀರಿನ ಲೋಟ ಹಿಡಿದು ಮಹಡಿಗೆ ಬಂದರು. ಟ್ಯಾಂಕಿನ ಅಂಚಿನಲ್ಲಿ ಬೆಳ್ಳನೆಯ ಚೂರು ಮೂಡಿದೊಡನೆ ನಾನು ಅದನ್ನು ಕೊಳವೆಯೊಳಗೆ ಹಿಡಿದು ಅವರನ್ನು ಕರೆದೆ. ಅವರು ಲೋಟ ಇಟ್ಟು, ಕನ್ನಡಕ ತೆಗೆದು, ಬಗ್ಗುವಷ್ಟರಲ್ಲಿ ಚಂದ್ರ ಜಾರಿಹೋಗಿದ್ದ. ಮತ್ತೆ ಹಿಡಿದೆ. ಅವರ ಮೊಣಕಾಲು ತಗುಲಿ ಎಲ್ಲವೂ ಅಲ್ಲಾಡಿತು.

"ನಿನ್ ಗಂಡನ್ ಥರಾನೇ ಕಣೇ, ಕರೆದಾಗ ಇರಲ್ಲ."

ಎದುರುಮನೆಯಾಕೆ ತಮ್ಮ ಮಹಡಿಯಿಂದ ಕೂಗಿದರು: "ಅಜ್ಜೀ, ತಲೆ ಎತ್ತಿ! ಚಂದ್ರ ಟ್ಯಾಂಕ್ ಮೇಲೇ ಇದಾನೆ! ನಮ್ದೆಲ್ಲ ಊಟ ಆಯ್ತು!"

ಅತ್ತೆ ಕೊಳವೆಯಿಂದ ಕಣ್ಣು ತೆಗೆಯಲಿಲ್ಲ. "ಸುಮ್ನಿರಮ್ಮ, ಇದ್ರಲ್ಲಿ ಇನ್ನೂ ಹುಟ್ಟಿಲ್ಲ."

"ತಲೆ ಸುತ್ತುತ್ತೆ ಅತ್ತೆ, ಬರಿಗಣ್ಣಲ್ಲೇ ನೋಡ್ಬಿಡಿ," ಎಂದು ಬೇಡಿಕೊಂಡೆ.

"ಸೊಸೆ ನನಗೋಸ್ಕರ ತರ್ಸಿದಾಳೆ. ಇದ್ರಲ್ಲೇ ನೋಡೋದು."

ಗಾಬರಿಯಲ್ಲಿ ನಾನು ಕೊಳವೆ ಹಿಡಿದಿದ್ದ ತಿರುಪನ್ನು ಬಿಗಿ ಮಾಡಲು ಹೋದೆ. ಅದು ನನ್ನ ಕೈಗೇ ಕಳಚಿ ಬಂತು. ದೂರದರ್ಶಕ ಧೊಪ್ಪೆಂದು ಬಿತ್ತು. ಅತ್ತೆಯವರು "ಗಣಪಾ!" ಎಂದು ಬೆಚ್ಚಿ ತಲೆ ಎತ್ತಿದರು. ಎದುರಿಗೇ ಚಂದ್ರ! ಅರ್ಘ್ಯ ಬಿಟ್ಟು ಕೈಮುಗಿದರು.

ಎರಡು ಸಲ ಅನ್ನ ಹಾಕಿಸಿಕೊಂಡ ಮೇಲೆ ಅವರ ಕಣ್ಣು ನನ್ನ ಸಪ್ಪೆ ಮುಖದ ಮೇಲೆ ಬಿತ್ತು.

"ಯಾಕೇ ಅಳ್ತೀಯಾ? ಒಳ್ಳೇ ಸಾಮಾನು ಕಣೇ. ಬೀಳುವಾಗ್ಲೂ ಚಂದ್ರನ್ನ ತೋರ್ಸಿಯೇ ಬಿತ್ತು!"