ಡೆಡ್ ಸ್ಟಾಕಿನಲ್ಲಿ ಬಿದ್ದಿರುವ ನಮ್ಮ ಮನೆಯ ಹೆಪ್ಪು

ಇಂದ,
ಮಲ್ಲಾರಿ ಸಿದ್ದರಾಯ ಪೂಜಾರಿ,
ಸಹಾಯಕ, ಸೂಕ್ಷ್ಮಾಣು ಪ್ರಯೋಗಶಾಲೆ
(ಕಾಲೇಜಿನಲ್ಲಿ ಕಾಯಂ, ಮನೆಯಲ್ಲಿ ಸದ್ಯ ಹಂಗಾಮಿ)

ಗೆ,
ಮಾನ್ಯ ಪ್ರಾಚಾರ್ಯರು,
ನಮ್ಮ ಕಾಲೇಜು, ಗಡಹಿಂಗ್ಲಜ, ಜಿಲ್ಲಾ ಕೊಲ್ಲಾಪುರ

ದಿನಾಂಕ: ೨೬ ಏಪ್ರಿಲ್ ೧೯೮೪

ವಿಷಯ: ನಳಿಕೆ ಸಂಖ್ಯೆ ೭ರಲ್ಲಿರುವ ನನ್ನ ದಿವಂಗತ ಅತ್ತೆಯವರ ಹೆಪ್ಪನ್ನು ಕುಕ್ಕರಿಗೆ ಹಾಕದೆ ಹಿಂದಿರುಗಿಸುವ ಕುರಿತು.

ಉಲ್ಲೇಖ: ೧) ಏಪ್ರಿಲ್ ೩೦ರೊಳಗೆ ಪ್ರಯೋಗಶಾಲೆಯ ಫ್ರಿಜ್ ಖಾಲಿ ಮಾಡಬೇಕೆಂಬ ತಮ್ಮ ಆದೇಶ.
೨) ಇದೇ ವಿಷಯದ ನನ್ನ ಮರಾಠಿ ಅರ್ಜಿ, ಹಾಗೂ ಅದರ ಅಂಚಿನಲ್ಲಿ ತಮ್ಮ ಷರಾ: "ಹೆಪ್ಪು ಮ್ಹಣಜೆ ಕಾಯ?"
೩) ನನ್ನ ಹೆಂಡತಿ ತಂಗೆವ್ವಳ ಮೌಖಿಕ ಆದೇಶ, ದಿನಕ್ಕೆ ಎರಡು ಸಲ.

ಮಾನ್ಯರೇ,

ಮೊದಲಿಗೆ, ಕಚೇರಿಯ ಭಾಷೆ ಮರಾಠಿಯಾಗಿದ್ದರೂ ಈ ಅರ್ಜಿ ಕನ್ನಡದಲ್ಲಿದೆ. ಕಾರಣ, ಉಲ್ಲೇಖ ೨ರ ಷರಾ ನೋಡಿದಾಗ ನನ್ನ ಮರಾಠಿ ಸಾಲದೆಂದು ತಿಳಿಯಿತು. ಅಲ್ಲದೆ ಹೋದ ವಾರ ತಾವು ಸಿಪಾಯಿ ಬಾಹುಬಲಿಗೆ "ಕಿವ್ಯಾಗ ಹತ್ತಿ ತುರಕೊಂಡಿಯೇನಲೇ" ಎಂದಿದ್ದು ಕಾರಿಡಾರಿನ ತನಕ ಕೇಳಿಸಿತು. ಬೈಗುಳ ಯಾವ ಭಾಷೆಯಲ್ಲಿ ಬರುತ್ತದೋ ಅರ್ಜಿಯನ್ನೂ ಅದರಲ್ಲೇ ಬರೆಯುವುದು ಲೇಸೆಂದು ಭಾವಿಸಿದ್ದೇನೆ. ಆದ್ದರಿಂದ ಷರಾಕ್ಕೆ ಉತ್ತರ: ಹೆಪ್ಪು ಎಂದರೆ ಹಾಲನ್ನು ಮೊಸರು ಮಾಡಲು ಹಾಕುವ ಹಳೆಯ ಮೊಸರಿನ ಚೂರು. ಮರಾಠಿಯಲ್ಲಿ ವಿರಜಣ. ಈ ಶಬ್ದ ಅಂದು ನೆನಪಾಗಿದ್ದರೆ ಎಂಟು ದಿನ ಉಳಿಯುತ್ತಿದ್ದವು.

೧. ಈ ಅರ್ಜಿದಾರನು ಆರು ವರ್ಷಗಳಿಂದ ಪ್ರಯೋಗಶಾಲೆಯಲ್ಲಿ ಉಪಯೋಗಿಸಿದ ಗಾಜಿನ ಸಾಮಾನು ತೊಳೆಯುವುದು, ಕುದಿಯುವ ನೀರು ಹಾಕುವುದು, ದೊಡ್ಡ ಕುಕ್ಕರಿನಲ್ಲಿ ಬೇಯಿಸಿ ಸೂಕ್ಷ್ಮಾಣುಗಳನ್ನು ಸಾಯಿಸುವುದು, ಈ ಕೆಲಸಗಳನ್ನು ದೂರಿಲ್ಲದೆ ಮಾಡಿಕೊಂಡು ಬಂದಿದ್ದಾನೆ.

೨. ಈ ವರ್ಷ ನಮ್ಮ ಕಾಕಾಸಾಹೇಬ ಸರ್ ತಮ್ಮ ಪ್ರಬಂಧಕ್ಕಾಗಿ, ಮೊಸರಿನೊಳಗಿನ ಸೂಕ್ಷ್ಮಾಣು ಮನುಷ್ಯರ ಹೊಟ್ಟೆಯೊಳಗಿನ ಸೂಕ್ಷ್ಮಾಣುವನ್ನು ಏನು ಮಾಡುತ್ತದೆ ಎಂದು ಪರೀಕ್ಷಿಸಿದರು. ಹೊಟ್ಟೆಯೊಳಗಿನದನ್ನು ಸಿಬ್ಬಂದಿಯೇ ಬೆಳಿಗ್ಗೆ ಬೆಳಿಗ್ಗೆ ಶೀಶೆಗಳಲ್ಲಿ ತಂದುಕೊಟ್ಟರು. ಗಣಿತದ ಸರ್ ಜಾಮಿನ ಶೀಶೆಯಲ್ಲಿ ತಂದು, ಶೀಶೆ ವಾಪಸ್ ಬೇಕೆಂದು ಚೀಟಿ ಅಂಟಿಸಿದ್ದರು. ಕೊಟ್ಟೆವು. ಒಯ್ದರು. ಇನ್ನು ಮೊಸರು ಹನ್ನೆರಡು ಮನೆಗಳದು ಬೇಕಾಗಿತ್ತು. ಹನ್ನೊಂದು ಸಿಕ್ಕವು, ಏಳನೆಯ ನಳಿಕೆ ಖಾಲಿ ಉಳಿಯಿತು.

೩. ಆ ಕಾರಣದಿಂದ ಜನವರಿ ೯ರಂದು ಹೆಂಡತಿ ನೀರಿಗೆ ಹೋದಾಗ ಅರ್ಜಿದಾರನು ಅಡುಗೆಮನೆಯ ಹೆಪ್ಪಿನ ಬಟ್ಟಲನ್ನು ಅವಳನ್ನು ಕೇಳದೆ ಎತ್ತಿ, ಶೀಶೆಗೆ ಸುರುವಿಕೊಂಡನು. ಇಷ್ಟೇ ಮಾಡಿದ್ದರೆ ಅಪರಾಧ ಸಣ್ಣದಿತ್ತು. ಬಟ್ಟಲಿಗೆ ಅಂಟಿದ್ದು ಸಾಕಾಗುತ್ತಿತ್ತು, ಅದರಲ್ಲೇ ಹೊಸ ಹಾಲು ಹಾಕಿದ್ದರೆ ಮೊಸರಾಗುತ್ತಿತ್ತು. ಆದರೆ ಆರು ವರ್ಷದ ರೂಢಿ. ಬಟ್ಟಲು ಬರಿದಾದ ಕೂಡಲೆ ನನ್ನ ಕೈ ತಾನಾಗಿಯೇ ಅದನ್ನು ತಿಕ್ಕಿ, ತೊಳೆದು, ಒಲೆಯ ಮೇಲಿದ್ದ ಕುದಿಯುವ ನೀರನ್ನು ಮೂರು ಸಲ ಹಾಕಿ, ಬೋರಲು ಇಟ್ಟಿತು. ಇಂಥ ಚೊಕ್ಕ ಕೆಲಸ ಕಾಲೇಜಿನಲ್ಲೂ ನಾನು ಮಾಡಿದ್ದು ಕಡಿಮೆ.

೪. ತಂಗೆವ್ವ ಬಂದು ಬಟ್ಟಲು ನೋಡಿದಳು. ಅವಳು ಕೂಗಾಡಲಿಲ್ಲ. "ಇದರಾಗಿಂದ ಎಲ್ಲಿ ಹೋತ್ರಿ?" ಎಂದಳು.

"ಸರ್ ಕೇಳಿದ್ದರ, ಒಯ್ಯಾಕತ್ತೇನಿ. ಬಟ್ಟಲಾ ಸ್ವಚ್ಛ ಮಾಡಿ ಇಟ್ಟೇನಲ್ಲ," ಎಂದೆ.

"ಸ್ವಚ್ಛ ಮಾಡೀರಿ," ಎಂದು ಕೂತುಬಿಟ್ಟಳು. "ನಮ್ಮವ್ವನ್ನ ತೊಳದ ಚೆಲ್ಲೀರಿ."

೫. ಇದರ ಹಿನ್ನೆಲೆ. ಅತ್ತೆಯವರಾದ ಬೀರವ್ವ ಸಂಕೇಶ್ವರದ ಕಡೆಯವರು, ಜೀವಮಾನವೆಲ್ಲ ಕುರಿ ಹಿಂಡಿನ ಜೊತೆ ತಿರುಗಿದವರು. ಅಡವಿಯಲ್ಲಿ ಮೊಸರಿನ ಗಡಿಗೆ ಹೊತ್ತು ತಿರುಗಲಾಗದ ಕಾರಣ, ಮೊಸರಿನಲ್ಲಿ ಅರಿವೆಯ ತುಂಡು ಅದ್ದಿ ಒಣಗಿಸಿ ಇಟ್ಟುಕೊಂಡು, ಹಾಲು ಸಿಕ್ಕಲ್ಲಿ ಅದನ್ನು ಮುಳುಗಿಸುತ್ತಿದ್ದರು. ಮದುವೆಯಾದ ಮರುದಿನ ಅಂಥದೇ ಒಂದು ತುಂಡನ್ನು ಮಗಳ ಸೆರಗಿಗೆ ಕಟ್ಟಿ, "ಬಂಗಾರ ಹಾಕಾಕ ನನ್ನ ಕೈಲೆ ಆಗಲಿಲ್ಲವ್ವ. ಇದು ದೀಪ ಇದ್ದಂಗ, ಆರಗೊಡಬ್ಯಾಡ," ಎಂದಿದ್ದರು. ತಂಗೆವ್ವ ಒಂಬತ್ತು ವರ್ಷ ಆರಗೊಡಲಿಲ್ಲ. ಹೋದ ವರ್ಷ ಬೀರವ್ವ ತೀರಿಕೊಂಡರು. ಫೋಟೋ ಇಲ್ಲ. ಸೀರೆಗಳನ್ನು ಸೊಸೆಯರು ಹಂಚಿಕೊಂಡರು. ತಂಗೆವ್ವಳ ಪಾಲಿಗೆ ಉಳಿದಿದ್ದು ಆ ಬಟ್ಟಲಿನಲ್ಲಿದ್ದದ್ದು ಮಾತ್ರ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ ಎಂದು ಇಲ್ಲಿ ನಮೂದಿಸುತ್ತೇನೆ.

೬. ಅಂದಿನಿಂದ ಪಕ್ಕದ ಮನೆಯ ಅಕ್ಕವ್ವಳ ಹೆಪ್ಪಿನಿಂದ ಮೊಸರಾಗುತ್ತಿದೆ. ತಂಗೆವ್ವ ಅದನ್ನು ನನಗೆ ಬಡಿಸುತ್ತಾಳೆ, ತಾನು ತಿನ್ನುವುದಿಲ್ಲ. ಮಜ್ಜಿಗೆ ಕೇಳಿದರೆ, "ನಮ್ಮನೀದು ಕಾಲೇಜಿನ್ಯಾಗ ಐತೆಲ್ಲ, ಅಲ್ಲೇ ಹೋಗಿ ಕುಡೀರಿ," ಎನ್ನುತ್ತಾಳೆ.

೭. ಇತ್ತ ಪ್ರಯೋಗ ನಡೆಯಿತು. ಗಾಜಿನ ತಟ್ಟೆಯಲ್ಲಿ ಹೊಟ್ಟೆಯ ಕೆಟ್ಟ ಸೂಕ್ಷ್ಮಾಣು ಸವರಿ, ನಡುವೆ ಒಂದೊಂದು ಮನೆಯ ಮೊಸರಿನ ಹನಿ ಇಟ್ಟು, ಮರುದಿನ ನೋಡುವುದು. ಹನಿಯ ಸುತ್ತ ಏನೂ ಬೆಳೆಯದೆ ಉಳಿದ ಜಾಗ ಎಷ್ಟು ಅಗಲವೋ ಮೊಸರಿಗೆ ಅಷ್ಟು ಶಕ್ತಿ. ಪೇಟೆಯ ಡೇರಿಯ ಮೊಸರು ನಾಲ್ಕು ಮಿಲಿಮೀಟರ್ ಬಿಡಿಸಿಕೊಂಡಿತು. ತಮ್ಮ ಮನೆಯದು ಆರು, ಕ್ಷಮೆ ಇರಲಿ. ಸಂಖ್ಯೆ ೭ ಹದಿನೆಂಟು. ಕಾಕಾಸಾಹೇಬ ಸರ್ ಅಳತೆಪಟ್ಟಿಯನ್ನು ಮೂರು ಸಲ ಇಟ್ಟು ನೋಡಿ, "ಮಲ್ಲಾರಿ, ಇದು ಯಾರ ಮನೀದೋ?" ಎಂದರು.

"ನಮ್ಮತ್ತೀದ್ರಿ," ಎಂದೆ. ಬೀರವ್ವ ಬದುಕಿದ್ದಾಗಲೂ ಮಂದಿಯನ್ನು ಹೀಗೇ ದೂರ ಸರಿಸಿ ನಡುವೆ ಕೂಡುತ್ತಿದ್ದರು. ಆ ದಿನ ಸಂತೋಷದಿಂದ ಮನೆಗೆ ಹೋಗಿ ಹೇಳಿದೆ. ತಂಗೆವ್ವ ಸ್ವಲ್ಪ ನಕ್ಕಳು. ಆಮೇಲೆ, "ಹಂಗಾರ ತಂದ ಕೊಡ್ರಲ್ಲ," ಎಂದಳು.

೮. ಪ್ರಯೋಗ ಮುಗಿಯುವ ತನಕ ನಳಿಕೆ ಮುಟ್ಟಬಾರದು, ಮುಗಿದ ಮೇಲೆ ಒಯ್ಯಿ ಎಂದು ಸರ್ ಒಪ್ಪಿದ್ದರು. ಮಾರ್ಚಿನಲ್ಲಿ ಮುಗಿಯಿತು. ಸರ್ ಪ್ರಬಂಧ ಬರೆಯಲು ಕೊಲ್ಲಾಪುರಕ್ಕೆ ಹೋಗುವ ಗಡಿಬಿಡಿಯಲ್ಲಿ ನಳಿಕೆಗಳನ್ನೆಲ್ಲ ಸ್ಟೋರಿಗೆ ಒಪ್ಪಿಸಿದರು. ಸ್ಟೋರ್‌ಕೀಪರ್ ಜಿನಗೊಂಡ ಅಣ್ಣಾ ಅವನ್ನು ಡೆಡ್ ಸ್ಟಾಕ್ ರಜಿಸ್ಟರಿನಲ್ಲಿ ಏರಿಸಿಬಿಟ್ಟರು.

"ಅಣ್ಣಾ, ಇದು ಜೀವಂತ ಐತ್ರಿ. ಡೆಡ್ ಹೆಂಗಾತು?" ಎಂದು ಕೇಳಿದೆ.

"ನೋಡಪಾ," ಎಂದು ಅಣ್ಣಾ ಕನ್ನಡಕ ಏರಿಸಿದರು. "ದಪ್ತರದಾಗ ಇರೂವು ಎರಡ ರಜಿಸ್ಟರ್. ಖರ್ಚಾಗೂ ಸಾಮಾನು ಒಂದರಾಗ, ಖರ್ಚಾಗಲಾರದ್ದು ಇನ್ನೊಂದರಾಗ. ಸೀಮೆಸುಣ್ಣ ಖರ್ಚಾಗತೈತಿ. ನಿಮ್ಮತ್ತಿ ಹೆಪ್ಪು ಎಷ್ಟ ತಗದ್ರೂ ಮತ್ತ ತುಂಬತೈತಿ. ಹಂಗಾರ ಅದು ಡೆಡ್ ಸ್ಟಾಕ. ಕುರ್ಚಿ ಇದ್ದಂಗ."

ಅರ್ಜಿದಾರನು ಕೂತಿದ್ದ ಕುರ್ಚಿಯಿಂದ ಎದ್ದು ಹೊರಗೆ ಬಂದನು.

೯. ಡೆಡ್ ಸ್ಟಾಕಿನ ವಸ್ತು ನಾಶಪಡಿಸಿದ ದಾಖಲೆಯಿಲ್ಲದೆ ರಜಿಸ್ಟರಿನಿಂದ ಇಳಿಯುವುದಿಲ್ಲ. ನಾಶಪಡಿಸಿದರೆ ನಮಗೆ ಬೇಡ. ನಾಶಪಡಿಸಬೇಕಾದವನು, ಕುಕ್ಕರಿನ ಮುಚ್ಚಳ ಬಿಗಿಯಬೇಕಾದವನು, ನಾನೇ. ಒಮ್ಮೆ ತೊಳೆದು ಚೆಲ್ಲಿದವನು ಎರಡನೆಯ ಸಲ ಬೇಯಿಸಿದೆನೆಂದರೆ ಮನೆಗೆ ಯಾವ ಮುಖ ಹೊತ್ತು ಹೋಗಲಿ?

೧೦. "ಖಿಸೇದಾಗ ಹಾಕ್ಕೊಂಡ ನಡಿಯೋ ಮಾರಾಯಾ, ಯಾಂವ ನೋಡತಾನ," ಎಂದು ಬಾಹುಬಲಿ ಸಲಹೆ ಕೊಟ್ಟನು. ಒಪ್ಪಿ ಮನೆಯಲ್ಲಿ ಪ್ರಸ್ತಾಪಿಸಿದೆ. ತಂಗೆವ್ವ ಸುತರಾಂ ಒಪ್ಪಲಿಲ್ಲ. "ಹೆಪ್ಪು ಕದ್ದ ತರೂದಲ್ಲರಿ. ಕೇಳಬೇಕು, ಅವರು ಕೈಯೆತ್ತಿ ಕೊಡಬೇಕು. ಕೇಳದ ಒಯ್ದದ್ದಕ್ಕ ಇಷ್ಟೆಲ್ಲಾ ಆಗೈತಿ. ಈ ಸಲ ಕೇಳಿ ಇಸಗೊಂಡ ಬರ್ರಿ." ಆದ್ದರಿಂದಲೇ ಈ ಅರ್ಜಿ.

೧೧. ಸಂಖ್ಯೆ ೭ ನಿಜಕ್ಕೂ ಜೀವಂತವಿದೆಯೇ ಎಂದು ತಾವು ಕೇಳಬಹುದಾದ ಕಾರಣ, ನಿನ್ನೆ ಜಿನಗೊಂಡ ಅಣ್ಣಾ ಅವರ ಸಮಕ್ಷಮ ಹೊಸ ಬೀಕರಿನಲ್ಲಿ ಉಗುರು ಬೆಚ್ಚಗಿನ ಹಾಲಿಗೆ ಅದರದೊಂದು ಹನಿ ಹಾಕಲಾಯಿತು. ಇಂದು ಬೆಳಿಗ್ಗೆ ಬೀಕರ್ ಬೋರಲು ಹಿಡಿದರೂ ಬೀಳದಷ್ಟು ಗಟ್ಟಿ ಮೊಸರಾಗಿತ್ತು. ವಾಸನೆಗೆ ನನಗೆ ನಮ್ಮ ಮನೆಯೇ ನೆನಪಾಯಿತು. ಅಣ್ಣಾ ತಾವೂ ಒಮ್ಮೆ ಬೀಕರ್ ಬೋರಲು ಹಿಡಿದು ನೋಡಿದರು. "ಜೀವ ಐತಿ ಅಂತ ಕಣ್ಣಿಲೆ ನೋಡಿದ ಮ್ಯಾಲ ಕುಕ್ಕರಿಗೆ ಹಾಕಾಕ ನಾ ಸಹಿ ಮಾಡಾಂವಲ್ಲ. ಕೊಡಾಕ ನನಗ ಅಧಿಕಾರ ಇಲ್ಲ. ಸಾಹೇಬರನ್ನ ಕೇಳು," ಎಂದರು. ಆಮೇಲೆ ಕಿಟಕಿಯ ಕಡೆ ನೋಡುತ್ತ, "ಅಂದಂಗ, ತೊಳ್ಯಾಕ ಬಿದ್ದ ಭಾಂಡಿ ಯಾವ ರಜಿಸ್ಟರಿನ್ಯಾಗೂ ಬರೂದಿಲ್ಲ ನೋಡಪಾ," ಎಂದರು. ಏಕೆ ಹಾಗೆಂದರೋ ತಿಳಿಯದು, ದಾಖಲೆಗಾಗಿ ಬರೆದಿದ್ದೇನೆ.

ಆದ್ದರಿಂದ, ಮೇಲಿನ ಕಾರಣಗಳನ್ನೆಲ್ಲ ಮನಸ್ಸಿಗೆ ತಂದುಕೊಂಡು, ಸಂಖ್ಯೆ ೭ ಸತ್ತಿಲ್ಲವೆಂದು ಷರಾ ಬರೆದು, ಅದನ್ನು ಡೆಡ್ ಸ್ಟಾಕಿನಿಂದ ಇಳಿಸಿ ಅದರ ಹಕ್ಕುದಾರಳಾದ ತಂಗೆವ್ವಳಿಗೆ ಕೊಡಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ, ಮನೆಯಲ್ಲಿ ವಿಶ್ವಾಸ ಕಳೆದುಕೊಂಡ,
ಮಲ್ಲಾರಿ ಸಿದ್ದರಾಯ ಪೂಜಾರಿ

ಲಗತ್ತುಗಳು:
೧) ಹದಿನೆಂಟು ಮಿಲಿಮೀಟರಿನ ಬಗ್ಗೆ ಕಾಕಾಸಾಹೇಬ ಸರ್ ಬರೆದುಕೊಟ್ಟ ಚೀಟಿ.
೨) ತಂಗೆವ್ವಳ ಹೆಬ್ಬೆಟ್ಟಿನ ಗುರುತು. (ಅವಳಿಗೆ ಸಹಿ ಬರುತ್ತದೆ. ಕೈಗೆ ಸೆಗಣಿ ಹತ್ತಿತ್ತು.)
೩) ಮೊಸರು, ಒಂದು ಬೀಕರ್, ಚಮಚ ಸಹಿತ.

ವಿ.ಸೂ.: ಲಗತ್ತು ೩ನ್ನು ಫೈಲಿಗೆ ಹಾಕಬಾರದು; ತಾವು ರುಚಿ ನೋಡಬೇಕು. ಒಂದು ವೇಳೆ ಅರ್ಜಿ ನಾಮಂಜೂರಾದರೆ, ತಳದಲ್ಲಿ ಒಂದು ಚಮಚದಷ್ಟು ಉಳಿಸಿ, ಬೀಕರನ್ನು ತಮ್ಮ ಕೈಯಿಂದಲೇ ನನ್ನ ಕೈಗೆ ಕೊಟ್ಟು "ತೊಳಕೊಂಡ ಬಾ" ಎಂದಷ್ಟೇ ಹೇಳಬೇಕಾಗಿ ವಿನಂತಿ. ತೊಳೆಯುವುದು ನನ್ನ ಕೆಲಸ. ಎಲ್ಲಿ ತೊಳೆಯಬೇಕೆಂದು ನಿಯಮದಲ್ಲಿ ಬರೆದಿಲ್ಲ. ಮನೆಯಲ್ಲಿ ತಂಗೆವ್ವ ಹಾಲು ಕಾಸಿ ಆರಲು ಇಟ್ಟಿದ್ದಾಳೆ, ಅದು ಪೂರ್ತಿ ತಣ್ಣಗಾಗುವ ಮುನ್ನ ತಾವು ತಿಂದು ಮುಗಿಸಿದರೆ ಉಪಕಾರವಾಗುತ್ತದೆ.