ಕ್ರೋಟನ್ ಗಿಡಗಳಿಗೆ ಆರು ವೋಲ್ಟು

ತನ್ನ ಮನೆಯ ಕೆಲಸ ತಾನೇ ಮಾಡಿಕೊಳ್ಳುತ್ತೇನೆಂದು ಹೊರಟವನಿಂದ ಊರಿಗೆ ಆಗುವ ಉಪಕಾರ ಅಷ್ಟಿಷ್ಟಲ್ಲ. ಜನಕ್ಕೆ ನಗಲಿಕ್ಕೆ ಒಂದಲ್ಲ ಒಂದು ಸಿಗುತ್ತಲೇ ಇರುತ್ತದೆ. ಅಂಥ ಸಮಾಜಸೇವೆ ನಾನು ಧಾರಾಳ ಮಾಡಿದ್ದೇನೆ.

ಅರವತ್ತರ ದಶಕದ ಆರಂಭ. ನಾನು ಬೆಳ್ತಂಗಡಿಯಲ್ಲಿ ಹೈಸ್ಕೂಲಿನ ವಿಜ್ಞಾನದ ಮಾಸ್ಟ್ರು. ಮನೆ ಲಾಯಿಲದಲ್ಲಿ. ಮನೆಯ ಯಜಮಾನರು, ನಮ್ಮ ಕಡೆಯ ಪದ್ಧತಿಯಂತೆ, ಅಮ್ಮನ ಅಣ್ಣ, ಅಂದರೆ ನನ್ನ ಮಾವ. ರಸ್ತೆಗೆ ಕರೆಂಟಿನ ಕಂಬ ಬಂದಿತ್ತು, ಮನೆಗೆ ಬಂದಿರಲಿಲ್ಲ. “ಮಿಂಚನ್ನು ಯಾರಾದರೂ ಕರೆದು ಮನೆಯೊಳಗೆ ಕೂರಿಸ್ತಾರಾ?” ಎಂಬುದು ಮಾವನ ವಾದ. ಅಮ್ಮನಿಗೆ ಬೇಕಾದದ್ದು ಅಡುಗೆಮನೆಗೆ ಒಂದೇ ಒಂದು ಬಲ್ಬು. ಹೊಗೆ ಮತ್ತು ಚಿಮಿಣಿ ದೀಪದ ನಡುವೆ ಅವರ ಕಣ್ಣು ಸದಾ ನೀರು ಸುರಿಸುತ್ತಿತ್ತು. ಅದನ್ನು ನೋಡಲು ನನಗೆ ಸಂಕಟವಾಗುತ್ತಿತ್ತು, ಮಾವನ ಎದುರು ಬಾಯಿಬಿಡಲು ಧೈರ್ಯವಿರಲಿಲ್ಲ. ಆದ್ದರಿಂದ ಒಂದು ಉಪಾಯ ಹೂಡಿದೆ. ಮೊದಲು ಅಂಗಳದ ಹೂತೋಟಕ್ಕೆ ಬ್ಯಾಟರಿಯಿಂದ ಸಣ್ಣ ದೀಪ ಹಾಕುವುದು. ಅದರಿಂದ ಯಾರೂ ಸಾಯುವುದಿಲ್ಲ ಎಂದು ಮಾವನಿಗೆ ಮನದಟ್ಟಾದರೆ, ಕಂಬದ ಕರೆಂಟು ತಾನಾಗಿ ಒಳಗೆ ಬರುತ್ತದೆ.

ನಕ್ಷೆ

ಅಂಗಳಕ್ಕೆ ಬರುವ ದಾರಿಯ ಎರಡೂ ಬದಿ ಕ್ರೋಟನ್ ಗಿಡಗಳಿದ್ದವು. ಎಲ್ಲೆಲ್ಲಿ ಬಲ್ಬು ಬರಬೇಕೆಂದು ಸುಣ್ಣದಲ್ಲಿ ಗುರುತು ಹಾಕಿದೆ. ಬ್ಯಾಟರಿಯಿಂದ ತಂತಿ ದೂರ ಹೋದಷ್ಟೂ ಬಲ್ಬು ಮಂಕಾಗುತ್ತದೆ. ಹಿಂದಿನ ಬೆಂಚಿನ ಹುಡುಗರ ಅನುಭವದಿಂದ ಇದು ನನಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಬ್ಯಾಟರಿಯನ್ನು ದಾರಿಯ ನಡುಮಧ್ಯದಲ್ಲಿಡುವುದೆಂದು ತೀರ್ಮಾನಿಸಿದೆ.

ಮಾವ ಜಗಲಿಯಿಂದ ಎಲ್ಲ ನೋಡುತ್ತಿದ್ದರು. “ಎಂಥ ಇದು?”

“ಗಿಡಗಳಿಗೆ ದೀಪ, ಮಾವ.”

ಮಾವ ಗಿಡಗಳ ಕಡೆ ಕತ್ತು ಚಾಚಿದರು. “ಯಾಕೆ, ಅವಕ್ಕೂ ಪರೀಕ್ಷೆ ಉಂಟಾ?”

ಬ್ಯಾಟರಿ

ಬಂಟ್ವಾಳದ ಟ್ಯಾಕ್ಸಿ ಡ್ರೈವರರೊಬ್ಬರು ಹಳೆಯ ಕಾರಿನ ಆರು ವೋಲ್ಟಿನ ಬ್ಯಾಟರಿ ಕೊಟ್ಟರು. ಅದನ್ನು ಗೋಣಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಕಂಡಕ್ಟರ್ ಬಗ್ಗಿ ನೋಡಿ, “ಕಾರು ಹಿಂದಿನ ಬಸ್ಸಿನಲ್ಲಿ ಬರ್ತಾ ಉಂಟಾ ಮಾಸ್ಟ್ರೇ?” ಎಂದ.

ದಾರಿಯಲ್ಲಿ ಚಹಾಕ್ಕೆ ನಿಂತ ಬಸ್ಸು ಮತ್ತೆ ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಸತ್ತಿದೆ, ಎಲ್ಲರೂ ಇಳಿದು ದೂಡಿ ಎಂದು ಡ್ರೈವರ್ ಹೇಳಿದ. ಎಲ್ಲರೂ ಇಳಿದರು. ನಾನು ಇಳಿಯುವುದು ಹೇಗೆ? ಅಲುಗಿದರೆ ಆ್ಯಸಿಡ್ ತುಳುಕಿ ಪಂಚೆ ತೂತಾಗುತ್ತದೆ. ಒಳಗೇ ಕುಳಿತೆ. ಬಸ್ಸಿಗೆ ಆರು ವೋಲ್ಟು ಸಾಲದು ಎಂದು ಕಿಟಕಿಯಿಂದ ತಲೆ ಹೊರಗೆ ಹಾಕಿ ಎಲ್ಲರಿಗೂ ವಿವರಿಸಿದೆ. ದೂಡುವವರಿಗೆ ವಿಜ್ಞಾನದಲ್ಲಿ ಆಸಕ್ತಿ ಇರಲಿಲ್ಲ.

ಮೀನಿನ ಬುಟ್ಟಿಯ ಹೆಂಗಸೊಬ್ಬಳು ಬೆವರು ಒರೆಸಿಕೊಳ್ಳುತ್ತ ಹೇಳಿದಳು: “ಎಂಥ ಕಾಲ ಬಂತು ನೋಡಿ. ಬ್ಯಾಟರಿ ಸೀಟಿನಲ್ಲಿ ಕೂತಿದೆ, ನಾವು ಎಂಜಿನ್ ಆಗಿದ್ದೇವೆ.”

ಗೆರಟೆ

ಬಲ್ಬಿಗೆ ಮಳೆ ತಾಗದ ಹಾಗೆ ಟೋಪಿ ಬೇಕು. ಅರ್ಧ ತೆಂಗಿನ ಗೆರಟೆಗೆ ತೂತು ಕೊರೆದು, ಒಳಗೆ ಬಲ್ಬು ಇಳಿಸಿ, ಕವುಚಿ ಒಂದೊಂದು ಗಿಡಕ್ಕೆ ಒಂದೊಂದು ಕಟ್ಟಿದೆ. ಕೇರಳದ ಕಡೆಯವರು ಬಂದು ಘಟ್ಟದ ಬುಡದಲ್ಲಿ ರಬ್ಬರ್ ಬೆಳೆಯಲು ತೊಡಗಿದ್ದ ಕಾಲ ಅದು. ಮರಕ್ಕೆ ಗೆರಟೆ ಕಟ್ಟಿ ಹಾಲು ಹಿಡಿಯುವುದು ಊರಿಗೆಲ್ಲ ದೊಡ್ಡ ಸುದ್ದಿ.

ನೆರೆಮನೆಯ ಬ್ಯಾರಿಗಳು, ಪೇಟೆಯಲ್ಲಿ ಜಿನಸಿನ ಅಂಗಡಿ ಇಟ್ಟ ಮುಸ್ಲಿಂ ವ್ಯಾಪಾರಿ, ಬೇಲಿಯಾಚೆ ನಿಂತು ಬಹಳ ಹೊತ್ತು ನೋಡಿದರು. ಕೊನೆಗೆ ನನ್ನ ಮೇಲಿನ ಕನಿಕರ ತಡೆಯಲಾರದೆ ಒಳಗೇ ಬಂದರು.

“ಮಾಸ್ಟ್ರೇ, ಕ್ರೋಟನ್ನಿನಲ್ಲಿ ಹಾಲು ಬರ್ತದಾ ಇಲ್ಲವಾ ನನಗೆ ಗೊತ್ತಿಲ್ಲ. ನೀವು ಕಲಿತವರು. ಆದರೆ ಗೆರಟೆ ಹೀಗೆ ಕವುಚಿ ಕಟ್ಟಿದರೆ ಬಂದದ್ದೂ ಚೆಲ್ಲಿ ಹೋಗ್ತದಲ್ಲ?”

ಪ್ರಯೋಗ

ತಂತಿ ಮುಟ್ಟಿದರೂ ಏನೂ ಆಗುವುದಿಲ್ಲವೆಂದು ಮಾವನಿಗೆ ತೋರಿಸಬೇಕಿತ್ತು. ನಾನು ಮುಟ್ಟಿದೆ. ಅಮ್ಮ ಮುಟ್ಟಿದರು. ಕೊನೆಗೆ ಮಾವ ದೇವರನ್ನು ನೆನೆದು ಬೆರಳು ತಾಗಿಸಿದರು.

“ಏನಾದರೂ ಆಯ್ತಾ ಮಾವ?”

“ಇಲ್ಲ.”

“ಇನ್ನು ಕಂಬದಿಂದ ಮನೆಗೆ ಕರೆಂಟು ತರುವನಾ?”

“ತರುವ, ತರುವ. ಮೊದಲು ಇದರಲ್ಲಿ ಕರೆಂಟು ಉಂಟು ಅಂತ ತೋರಿಸು. ಹೊಡೆಯದ್ದು ಎಂಥ ಕರೆಂಟು?”

ಮರುದಿನ ಅಮ್ಮ ಅದೇ ತಂತಿಯ ಮೇಲೆ ಮಾವನ ಪಂಚೆ ಒಣಹಾಕಿದ್ದರು. ನಾನು ಕೂಗಾಡಿದೆ. “ಏನೂ ಆಗುವುದಿಲ್ಲ ಅಂತ ನೀನೇ ಹೇಳಿದ್ದಲ್ಲ ಮಗಾ” ಎಂದರು.

ತಂತಿಯನ್ನು ಮಣ್ಣಿನಡಿ ಹೂತೆ. ಮನೆಯ ಕೋಳಿಗಳು ಅಂದಿನಿಂದ ಅದೇ ಜಾಗದಲ್ಲಿ ಕೆದಕತೊಡಗಿದವು.

ಉದ್ಘಾಟನೆ

ಕೊನೆಗೆ ಮಾವ ತೀರ್ಪು ಕೊಟ್ಟರು. “ನಾಲ್ಕು ಜನರ ಎದುರು ಸರಿಯಾಗಿ ಉರಿದರೆ ನಿನ್ನ ಅಮ್ಮನಿಗೆ ಬಲ್ಬು. ಇಲ್ಲದಿದ್ದರೆ ಕರೆಂಟಿನ ಸುದ್ದಿ ಈ ಮನೆಯಲ್ಲಿ ಇನ್ನು ಎತ್ತಕೂಡದು.” ಅಳದಂಗಡಿಯಿಂದ ನಮ್ಮ ಹಿರಿಯರು ಬಂದರು. ಬ್ಯಾರಿಗಳೂ ಬಂದರು. ಅಂಗಳದ ಬೆಂಚುಗಳಲ್ಲಿ ಎಲ್ಲರೂ ಕುಳಿತರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸೆರಗಿನ ತುದಿ ಹಿಡಿದು ನಿಂತಿದ್ದರು.

ಮುಸ್ಸಂಜೆ ಸ್ವಿಚ್ ಒತ್ತಿದೆ. ಗೆರಟೆಗಳ ಅಡಿಯಲ್ಲಿ ಕೆಂಪು, ಹಳದಿ ಎಲೆಗಳು ಬೆಳಗಿದವು. ಇಷ್ಟು ಚೆಂದ ಕಾಣುತ್ತದೆಂದು ನಾನೇ ಎಣಿಸಿರಲಿಲ್ಲ.

ನಮ್ಮಲ್ಲಿ ಸಂಜೆ ದೀಪ ಹೊತ್ತಿದಾಗ ಕುಳಿತವರು ಎದ್ದು ಕೈಮುಗಿಯಬೇಕು. ಮಾವ ಎದ್ದು ಕೈಮುಗಿದರು. ಹಿರಿಯರೆಲ್ಲ ಎದ್ದು ಕೈಮುಗಿದರು. ಅಷ್ಟು ಜನ ನಿಂತಿರುವಾಗ ಕುಳಿತಿರುವುದು ಹೇಗೆಂದು ಬ್ಯಾರಿಗಳೂ ಎದ್ದರು. ಮತ್ತೆ ಎಲ್ಲರೂ ಕುಳಿತರು.

ಕೋಳಿಗಳು ಕೆದಕಿದ ಕಡೆ ತಂತಿ ಸಡಿಲಾಗಿತ್ತು. ದೀಪ ಆರಿತು. ಅಷ್ಟರಲ್ಲಿ ಮತ್ತೆ ಹೊತ್ತಿತು. ಎಲ್ಲರೂ ಎದ್ದರು. ಆರಿತು, ಕುಳಿತರು. ಹೊತ್ತಿತು, ಎದ್ದರು. ನಾನು ಮಣ್ಣಿನಲ್ಲಿ ಮೊಣಕಾಲೂರಿ ತಂತಿ ತಡಕಾಡಿದಷ್ಟೂ ದೀಪ ಇನ್ನೂ ಬೇಗ ಬೇಗ ಮಿಣುಕತೊಡಗಿತು, ಹಿರಿಯರಿಗೆ ಇನ್ನೂ ಬೇಗ ಬೇಗ ಏಳಬೇಕಾಯಿತು. ಹೊತ್ತಿದ ದೀಪದ ಎದುರು ಏಳದೆ ಕುಳಿತವನು ಎನಿಸಿಕೊಳ್ಳಲು ಯಾರೂ ತಯಾರಿರಲಿಲ್ಲ. ಅಳದಂಗಡಿಯ ದೊಡ್ಡವರೊಬ್ಬರು ಬೆಂಚಿನ ಕಾಲು ಹಿಡಿದುಕೊಂಡು, “ಇದು ದೀಪವಾ, ಗರಡಿಯಾ?” ಎಂದು ಏದುಸಿರು ಬಿಟ್ಟರು.

ಎಲ್ಲ ಮುಗಿಯಿತೆಂದುಕೊಂಡು ಅಮ್ಮನ ಕಡೆ ನೋಡಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಆಮೇಲೆ ತಿಳಿಯಿತು, ಅದು ನಗು.

ಮಾವ ಸೊಂಟ ಹಿಡಿದುಕೊಂಡು ನನ್ನನ್ನು ಕರೆದರು. “ಆ ಕಂಬದ ಕರೆಂಟು ಒಮ್ಮೆ ಹೊತ್ತಿದರೆ ಹೊತ್ತಿಯೇ ಇರ್ತದಲ್ಲ?”

“ಇರ್ತದೆ ಮಾವ.”

“ಹಾಗಾದರೆ ಅದನ್ನೇ ತಾ ಮಾರಾಯ. ನನ್ನ ಮೊಣಕಾಲು ಉಳಿಯಲಿ.”

ಹಾಗೆ ನಮ್ಮ ಮನೆಗೆ ಕರೆಂಟು ಬಂತು. ಅಡುಗೆಮನೆಯ ಬಲ್ಬು ಹೊತ್ತಿದಾಗ ಅಮ್ಮ ಗೋಡೆಯ ಮಸಿ ನೋಡಿ, “ಅಯ್ಯೋ, ಇಷ್ಟು ದಿನ ಇದರೊಳಗೆ ಇದ್ದೆವಾ!” ಎಂದರು.

ಅಷ್ಟರಲ್ಲಿ ಕರೆಂಟು ಹೋಯಿತು. ಬಂತು. ಮತ್ತೆ ಹೋಯಿತು, ಬಂತು.

ಆ ದಿನ ಮಾವ ನಿಂತುಕೊಂಡೇ ಊಟ ಮಾಡಿದರು.