ಕುಂಕುಮ ಹಚ್ಚಿಸಿಕೊಂಡ ಫ್ಲಾಪಿ

ಜೋರಾಗಿ ಮಾತಾಡುವವರಿಗೆ ಇಂಥದ್ದು ಯಾವುದೂ ಆಗುವುದಿಲ್ಲ, ನಾನು ನೋಡಿದ್ದೇನೆ. ಬಾಯಿ ಸತ್ತ ನನ್ನಂಥವಳ ವಿಳಾಸ ಹುಡುಕಿಕೊಂಡೇ ಇಂಥ ಪ್ರಸಂಗಗಳು ಒಂದರ ಬೆನ್ನಿಗೊಂದು ಬರುತ್ತವೆ. ಎಂಬತ್ತರ ದಶಕದ ಕೊನೆಯಲ್ಲಿ, ಒಂದು ದಸರೆಯ ಮರುದಿನದಿಂದ ಶನಿವಾರದೊಳಗೆ ಬಂದದ್ದು ಇಷ್ಟು.

೧. ಇಬ್ಬರಿಗೂ ಇಂಗ್ಲಿಷ್ ಬರುತ್ತದೆ

ನಮ್ಮ ಮನೆ ಹಾನಗಲ್ಲಿನಲ್ಲಿ. ಓದಿದ್ದು ಮಾತ್ರ ಹುಬ್ಬಳ್ಳಿಯ ಹಾಸ್ಟೆಲಿನಲ್ಲಿದ್ದು, ಇಂಗ್ಲಿಷ್ ಮೀಡಿಯಮ್ಮಿನಲ್ಲಿ. ಅಲ್ಲಿ ನಾನು ಎರಡು ಕಲಿತೆ: ಇಂಗ್ಲಿಷ್ ಮತ್ತು ನಾಚಿಕೆ. ಆಮೇಲೆ ಹದಿನೈದು ದಿನದ ಕಂಪ್ಯೂಟರ್ ಕೋರ್ಸೂ ಆಯಿತು. ಒಂದು ಯಂತ್ರಕ್ಕೆ ಆರು ಮಂದಿ. ಹಿಂದೆ ನಿಲ್ಲುತ್ತಿದ್ದ ನಾನು ಕಂಪ್ಯೂಟರಿಗಿಂತ ಮುಂದಿನವರ ಜಡೆಗಳನ್ನೇ ಹೆಚ್ಚು ನೋಡಿದ್ದೆ.

ಆಗ ಸವಣೂರಿನ ಒಂದು ಶಿಕ್ಷಣ ಸಂಸ್ಥೆ ಕಂಪ್ಯೂಟರ್ ತರಿಸಿತು. ನಡುವೆ ಶಾಲೆ ಬಿಟ್ಟವರನ್ನು ಹೊರಗಿನಿಂದ ಹತ್ತನೇ ಪರೀಕ್ಷೆಗೆ ಕೂರಿಸುವುದು ಅವರ ಕೆಲಸ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ನಾಲ್ಕೂ ತಾಲೂಕಿನಿಂದ ಟಪಾಲಿನಲ್ಲಿ ಅರ್ಜಿಗಳು ಬರುತ್ತಿದ್ದವು. ಸಂಸ್ಥೆಯ ಅಧ್ಯಕ್ಷರು ಊರಿಗೆಲ್ಲ ಗೊತ್ತಿದ್ದ ಭಾಷಣಕಾರರು. ಅವರೇ ನನ್ನ ಸಂದರ್ಶನ ಮಾಡಿದರು.

"ಕಂಪ್ಯೂಟರ್ ಬರತೈತೇನವಾ ತಂಗಿ?"

"ಸ್ವಲ್ಪ ಸ್ವಲ್ಪ..."

"ಇಂಗ್ಲಿಷ್ ಬರತೈತಲ್ಲ?"

"ಹೂಂ ರೀ."

"ಆತಲ್ಲ ಮತ್ತ! ನಿನಗೂ ಇಂಗ್ಲಿಷ್ ಬರತೈತಿ, ಅದಕ್ಕೂ ಇಂಗ್ಲಿಷ್ ಬರತೈತಿ. ಏನಿದ್ರೂ ಇಬ್ರೂ ಕೂಡಿ ಬಗಿಹರಿಸ್ಕೋರಿ."

೨. ಮಾರಿ ಇದ್ದ ಕಡೆ

ಆ ವರ್ಷ ಅರವತ್ತೆರಡು ಅರ್ಜಿ. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಪರೀಕ್ಷಾ ಕೇಂದ್ರ ಎಲ್ಲವನ್ನೂ ಟೈಪ್ ಹೊಡೆದು ಒಂದು ಫ್ಲಾಪಿಯಲ್ಲಿ ಇಟ್ಟೆ. ಫ್ಲಾಪಿ ಎಂದರೆ ಹಪ್ಪಳದಗಲದ ಕರಿ ಚೌಕ. ಒಳಗೆ ಕ್ಯಾಸೆಟ್ಟಿನ ಟೇಪಿನಂಥದೇ ಕಂದು ಬಿಲ್ಲೆ, ಮೇಲೆ ಗಟ್ಟಿ ಹೊದಿಕೆ. ಹೊದಿಕೆಯಲ್ಲಿ ಬೆರಳಿನುದ್ದ ಒಂದು ಕಿಂಡಿ. ಯಂತ್ರ ಓದುವುದು ಆ ಕಿಂಡಿಯಿಂದಲೇ.

ಯಾವಾಗಲೂ ಇನ್ನೊಂದು ಪ್ರತಿ ಇಡಬೇಕು ಅಂತ ಕೋರ್ಸಿನಲ್ಲಿ ಹೇಳಿದ್ದರು. ಹಬ್ಬ ಮುಗಿಸಿ ಬಂದು ಮಾಡಿದರಾಯಿತು, ಹೆಸರುಗಳ ಯಾದಿಯನ್ನೂ ಆಗಲೇ ಛಾಪಿಸಿದರಾಯಿತು ಅಂತ ಹಾನಗಲ್ಲಿನ ಬಸ್ಸು ಹತ್ತಿದೆ. ಯಾದಿ ಮೇಲಿನ ಕಚೇರಿಗೆ ಮುಟ್ಟಲು ಶನಿವಾರ ಕಡೇ ದಿನ.

ಬುಧವಾರ ಬಂದು ಫ್ಲಾಪಿ ಹಾಕಿದೆ. ಯಂತ್ರ ಹುರಿಗಡಲೆ ಕಡಿದ ಹಾಗೆ ಕರಕರ ಅಂದಿತು. ಓದಲು ಬರುವುದಿಲ್ಲ ಎಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರೆಯಿತು. ಮತ್ತೆ ಹಾಕಿದೆ. ಮತ್ತೆ ಅದೇ. ಹೊರಗೆ ತೆಗೆದು ಬೆಳಕಿಗೆ ಹಿಡಿದರೆ ಕಿಂಡಿಯ ತುಂಬ ವಿಭೂತಿ, ಕುಂಕುಮ, ಮೇಲೆ ಒಂದು ಅಕ್ಷತೆ ಕಾಳು.

ಆಫೀಸಿನ ಸಿಪಾಯಿ ಕಾಕಾನನ್ನು ಕರೆದೆ.

"ಕಾಕಾ, ಇದಕ್ಕೂ ಪೂಜಾ ಮಾಡಿದ್ರೇನ್ರಿ?"

"ಖಂಡೇಪೂಜಿ ದಿನಾ ಬಿಡಾಕ ಬರತೈತೇನ್ರಿ ಅಕ್ಕಾರ? ಸೈಕಲ್, ಟೈಪ್‌ರೈಟರ್, ಗಂಟಿ, ಎಲ್ಲಾಕ್ಕೂ ಮಾಡೇನಿ. ಇದಕ್ಕ ಎಲ್ಲಿ ಹಚ್ಚಬೇಕಂತ ತಿಳೀಲಿಲ್ಲ ನೋಡ್ರಿ. ಮೈಯೆಲ್ಲಾ ಮುಚ್ಚೈತಿ, ಇಲ್ಲಷ್ಟ ತೆರದೈತಿ. ಇದ ಅದರ ಮಾರಿ ಇರಬೇಕಂತ ಹಚ್ಚಿದ್ನಿ."

ಫ್ಲಾಪಿಯ ಮುಖ ತಿರುಗಿಸಿ ನೋಡಿದೆ. ಹಿಂದಿನ ಕಿಂಡಿಯಲ್ಲೂ ಕುಂಕುಮ.

"ಆ ಬಾಜೂನೂ ಒಂದ ಮಾರಿ ಇತ್ರಿ," ಅಂದ ಕಾಕಾ. "ಅದಕ್ಕ ಸಿಟ್ಟು ಬರಬಾರ್ದಂತ ಅಲ್ಲೂ ಹಚ್ಚೇನಿ."

೩. ಚಲೋ ಕಾಗದ

ಅಧ್ಯಕ್ಷರಿಗೆ ಹೇಳುವಾಗ ನನ್ನ ಧ್ವನಿ ನನಗೇ ಕೇಳಿಸಲಿಲ್ಲ. ಅವರಿಗೆ ಮಾತ್ರ ಸರಿಯಾಗಿ ಕೇಳಿಸಿತು. ಕುರ್ಚಿಯಲ್ಲಿ ಕುಸಿದರು.

"ಎಲ್ಲಾರ ಹೆಸರೂ ಅದರಾಗ ಇದ್ವೇನು? ಒಬ್ಬರದೂ ಬ್ಯಾರೆ ಕಡೆ ಬರದಿಟ್ಟಿಲ್ಲ?"

"ಇಲ್ರಿ."

"ಶನಿವಾರ ತಪ್ಪಿದ್ರ ಒಂದು ವರ್ಷ ಹೋತಲ್ಲವಾ!"

ಅದು ನನಗೂ ಗೊತ್ತಿತ್ತು. ಆಡೂರಿನ ಒಬ್ಬ ಹೆಣ್ಣುಮಗಳು ಅರ್ಜಿಯ ಜೊತೆ ಚೀಟಿ ಇಟ್ಟಿದ್ದಳು: "ಈ ವರ್ಷ ತಪ್ಪಿದರೆ ನಮ್ಮ ಮನೆಯವರು ಮತ್ತೆ ಕಳಿಸುವುದಿಲ್ಲ."

ಅಧ್ಯಕ್ಷರು ಹೆಡ್ ಕ್ಲಾರ್ಕರ ಕಡೆ ತಿರುಗಿದರು. "ಮೂಲ ಅರ್ಜಿ ತಗೀರಿ. ಮತ್ತೊಮ್ಮೆ ಹೊಡೀಲಿ."

ಹೆಡ್ ಕ್ಲಾರ್ಕರು ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು. "ರದ್ದಿಗೆ ಹಾಕೇನ್ರಿ. ಖಾರದ ಅಂಗಡಿಗೆ."

"ಯಾರು ಹೇಳಿದ್ರು ನಿಮಗ?"

"ನೀವ ಹೇಳಿದ್ರೆಲ್ರಿ, ಕಂಪ್ಯೂಟರ್ ಉದ್ಘಾಟನಾದಾಗ. ಇನ್ನ ಕಾಗದದ ಕಾಲ ಮುಗೀತು ಅಂತ. ಎಲ್ಲಾರಕಿಂತ ಮೊದಲ ಚಪ್ಪಾಳಿ ಹೊಡದಾಂವ ನಾನ ರೀ."

ಖಾರದ ಅಂಗಡಿಗೆ ಓಡಿದೆವು. ಅಂಗಡಿಯವರು ಬಾಣಲೆಯಿಂದ ಖಾರ ಎತ್ತುತ್ತ ನಿಧಾನವಾಗಿ ನಮ್ಮ ಕಥೆ ಕೇಳಿದರು. ಗೂಟಕ್ಕೆ ಚುಚ್ಚಿದ್ದ ಕಟ್ಟಿನಿಂದ ಮೂವತ್ತೊಂದು ಅರ್ಜಿ ಸಿಕ್ಕವು.

"ಉಳದವು?" ಅಂದೆ.

"ಪೊಟ್ಟಣ ಆಗಿ ಯಲವಿಗಿ ಸ್ಟೇಷನ್ನಿಗೆ ಹೋದವ್ರಿ, ಮಾರಾಕ. ನಿಮ್ಮ ಕಾಗದ ಅಂದ್ರ ಕಾಗದ್ರಿ! ಎಣ್ಣಿ ಹನಿ ಹೊರಗ ಬರಂಗಿಲ್ಲ. ಇನ್ನೊಂದೀಟು ಅರ್ಜಿ ಬಂದ್ರ ನಮಗ ಹೇಳಿ ಕಳಸ್ರಿ."

೪. ಕಿಟಕಿಯ ಪ್ರಯಾಣಿಕ

ಯಲವಿಗಿ ಸ್ಟೇಷನ್ನಿಗೆ ಮುಟ್ಟುವಾಗ ಗಾಡಿ ನಿಂತಿತ್ತು. ಖಾರ ಮಾರುವವನ ಬುಟ್ಟಿ ಖಾಲಿ. ಹೆಡ್ ಕ್ಲಾರ್ಕರು ಎಂಜಿನ್ನಿನ ಕಡೆಗೂ ಕಾಕಾ ಹಿಂದಿನ ಡಬ್ಬಿಗಳ ಕಡೆಗೂ ಓಡಿದರು. ನಡುವೆ ನಾನೊಬ್ಬಳೇ. ಅಂಗಡಿಯಲ್ಲಿ ಸೂಜಿ ಕೇಳಲಿಕ್ಕೂ ಅವ್ವನನ್ನು ಮುಂದೆ ಮಾಡುವವಳು ನಾನು. ನನ್ನೆದುರಿಗೇ, ಕಿಟಕಿಯಲ್ಲಿ, ತಲೆಗೆ ಪಟಕಾ ಸುತ್ತಿದ ಹಿರಿಯರೊಬ್ಬರು ಖಾರ ಮೆಲ್ಲುತ್ತಿದ್ದರು. ಕಾಗದದ ಮೇಲೆ ನಮ್ಮ ಸಂಸ್ಥೆಯ ಹೆಸರಿನ ದುಂಡು ಶಿಕ್ಕೆ ಕಾಣುತ್ತಿತ್ತು.

ನಾನು ನೋಡುತ್ತಲೇ ನಿಂತೆ. ಅವರಿಗೆ ಪಾಪ ಅನ್ನಿಸಿತೋ ಏನೋ. "ಹಸದೀಯೇನವಾ? ತಗೋ," ಅಂತ ಒಂದು ಹಿಡಿ ಖಾರ ಚಾಚಿದರು.

"ಖಾರ ಬ್ಯಾಡ್ರಿ ಅಜ್ಜಾರ. ಕಾಗದ ಬೇಕ್ರಿ."

ಅಜ್ಜಾರು ನನ್ನ ಮುಖ ನೋಡಿದರು. ಗಾಡಿ ಸೀಟಿ ಹಾಕಿತು. ಏನನ್ನಿಸಿತೋ, ಖಾರವನ್ನೆಲ್ಲ ಧೋತರದ ಸೆರಗಿಗೆ ಸುರಿದುಕೊಂಡು ಕಾಗದ ಕೊಟ್ಟುಬಿಟ್ಟರು. ಎದೆಗೆ ಒತ್ತಿಕೊಂಡೆ. ಗಾಡಿ ಹೋದ ಮೇಲೆ ಬಿಚ್ಚಿ ನೋಡಿದರೆ ಅದು ಅರ್ಜಿಯಲ್ಲ. ಅಧ್ಯಕ್ಷರ ಉದ್ಘಾಟನಾ ಭಾಷಣದ ಮೂರನೇ ಪುಟ. ‘ಕಾಗದದ ಕಾಲ ಮುಗಿಯಿತು’ ಎಂಬಲ್ಲಿ ಮಾತ್ರ ಎಣ್ಣೆ ತಾಗಿರಲಿಲ್ಲ.

೫. ಒಣಗುತ್ತಿರುವ ಮಂದಿ

ಹೆಡ್ ಕ್ಲಾರ್ಕರೂ ಕಾಕಾನೂ ಬರಿಗೈಯಲ್ಲಿ ಬಂದರು. ಇನ್ನು ಉಳಿದದ್ದು ಫ್ಲಾಪಿಯೊಂದೇ. ಶಿಗ್ಗಾಂವಿಯಲ್ಲಿ ಒಬ್ಬ ರೇಡಿಯೋ ರಿಪೇರಿಯವರು ನೆನೆದ ಕ್ಯಾಸೆಟ್ಟುಗಳನ್ನೂ ಹಾಡಿಸುತ್ತಾರೆ ಅಂತ ಕಾಕಾ ಹೇಳಿದ. ಗುರುವಾರ ಫ್ಲಾಪಿಯನ್ನೂ ಒಂದು ಹೊಸ ಖಾಲಿ ಫ್ಲಾಪಿಯನ್ನೂ ಎರಡು ಪುಸ್ತಕಗಳ ನಡುವೆ ಇಟ್ಟುಕೊಂಡು ಹೋದೆವು. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಅರವತ್ತೆರಡು ಜನರೂ ನನ್ನ ತೊಡೆಯ ಮೇಲೆ ಎಗರುತ್ತಿದ್ದರು.

ರಿಪೇರಿಯವರು ಫ್ಲಾಪಿಯನ್ನು ಮೂಸಿ ನೋಡಿದರು. "ತೊಳದ್ರಾತು."

"ತೊಳೀತೀರಿ?"

"ಮತ್ತ? ಮಾರಿಗೆ ಹತ್ತಿದ್ದನ್ನ ತೊಳೀಬೇಕಲ್ರಿ."

ಬ್ಲೇಡಿನಿಂದ ಹೊದಿಕೆ ಸೀಳಿದರು. ನಾನು ಕಣ್ಣು ಮುಚ್ಚಿಕೊಂಡೆ. ತೆರೆಯುವಷ್ಟರಲ್ಲಿ ಕಂದು ಬಿಲ್ಲೆ ಸಾಬೂನಿನ ನೀರಿನಲ್ಲಿತ್ತು. ಬೆರಳ ತುದಿಯಿಂದ, ಕೂಸಿನ ಕಿವಿ ತೊಳೆದ ಹಾಗೆ ತೊಳೆದು, ಅಂಗಡಿಯೊಳಗಿನ ದಾರಕ್ಕೆ ನಡುವಿನ ತೂತಿನಿಂದ ತೂಗುಹಾಕಿದರು. ನಾನು ಅದರ ಕೆಳಗೇ ಸ್ಟೂಲಿನ ಮೇಲೆ ಕೂತೆ, ಬಿದ್ದರೆ ಹಿಡಿಯಲು ಸೆರಗು ಹಿಡಿದುಕೊಂಡು.

ಅಷ್ಟರಲ್ಲಿ ರೇಡಿಯೋ ಹಿಡಿದುಕೊಂಡು ಒಬ್ಬ ಗಿರಾಕಿ ಬಂದ. "ಇದೇನ್ರೀ ಇದು, ಹಪ್ಪಳದಂಗ ತೂಗಾಕತ್ತೈತಿ?"

ರಿಪೇರಿಯವರು ತಲೆ ಎತ್ತದೆ ಹೇಳಿದರು, "ಫ್ಯಾನ್ ಹಚ್ಚಬ್ಯಾಡ್ರಿ. ಅರವತ್ತೆರಡು ಮಂದಿ ಒಣಗಾಕತ್ತಾರ."

೬. ಅರವತ್ತೆರಡನೆಯ ಹೆಸರು

ತೊಳೆದ ಬಿಲ್ಲೆಯನ್ನು ಹೊಸ ಫ್ಲಾಪಿಯ ಹೊದಿಕೆಯೊಳಗೆ ಕೂರಿಸಿ ಕೊಟ್ಟರು. ಶುಕ್ರವಾರ ಅದನ್ನು ಯಂತ್ರಕ್ಕೆ ಹಾಕುವಾಗ ನನ್ನ ಹಿಂದೆ ಅಧ್ಯಕ್ಷರು, ಹೆಡ್ ಕ್ಲಾರ್ಕರು, ಕಾಕಾ, ಮೂವರೂ ಚಪ್ಪಲಿ ಬಿಟ್ಟು ನಿಂತಿದ್ದರು. ಕರಕರ ಅಂದಿತು. ಕಾಕಾ ಕೈಮುಗಿದ. ಒಂದು ಹೆಸರು ಬಂತು. ಇನ್ನೊಂದು. ಆಡೂರಿನ ಹೆಣ್ಣುಮಗಳು ಬಂದಳು. ನನಗೆ ಕಣ್ಣು ಮಂಜಾಯಿತು. ಗೀರು ಬಿದ್ದ ಕಡೆ ಅಕ್ಷರಗಳು ಹರಿದಿದ್ದವು. ಅವುಗಳಲ್ಲಿ ಒಂದು ಬಿಟ್ಟು ಎಲ್ಲವನ್ನೂ ಎಣ್ಣೆ ಅರ್ಜಿಗಳಿಂದ ತುಂಬಿದೆ. ಸಂಜೆಯ ಹೊತ್ತಿಗೆ ಎಣಿಸಿದರೆ ಅರವತ್ತೊಂದು.

"ಅರವತ್ತೊಂದು ಅಂದ್ರ ಎಲ್ಲಾ ಬಂದಂಗರಿ," ಅಂದರು ಹೆಡ್ ಕ್ಲಾರ್ಕರು. "ಒಂದು ಹೋದ್ರ ಯಾರು ಕೇಳ್ತಾರ?"

"ನಡಿಯೂದಿಲ್ಲ!" ಅಧ್ಯಕ್ಷರು ಮೇಜು ಗುದ್ದಿದರು. ಯಾದಿಯನ್ನು ಕಸಿದುಕೊಂಡು ಬೆರಳಿಟ್ಟು ಎರಡು ಸಲ ಓದಿದರು. ಮುಖ ಬಿಳುಚಿತು. ಹೆಡ್ ಕ್ಲಾರ್ಕರನ್ನು ಚಹಾಕ್ಕೆ ಕಳಿಸಿದರು. ಕಾಕಾನನ್ನು ಹೆಡ್ ಕ್ಲಾರ್ಕರನ್ನು ಕರೆಯಲು ಕಳಿಸಿದರು. ಬಾಗಿಲು ಮುಂದಕ್ಕೆಳೆದು ನನ್ನ ಹತ್ತಿರ ಬಂದು ಕೂತರು.

"ಬರಕೋ ತಂಗಿ."

ಒಂದು ಹೆಸರು ಹೇಳಿದರು, ತಂದೆಯ ಹೆಸರು, ಹುಟ್ಟಿದ ದಿನ, ತಿಂಗಳು. ನಾನು ಹೊಡೆಯುತ್ತ ಹೋದೆ. ಇಷ್ಟೊಂದು ಅರ್ಜಿಯಲ್ಲಿ ಕಾಣೆಯಾದ ಒಂದನ್ನು ಬಾಯಿಪಾಠ ಇಟ್ಟುಕೊಂಡಿದ್ದಾರಲ್ಲ ಅಂತ ಗೌರವ ಉಕ್ಕಿತು. ಹುಟ್ಟಿದ ವರ್ಷ ಹೇಳಿದಾಗ ನನ್ನ ಬೆರಳು ನಿಂತಿತು. ನಮ್ಮ ಅಪ್ಪ ಹುಟ್ಟಿದ ವರ್ಷ ಅದು; ಮೊದಲ ಸಲ ಗಡಿಬಿಡಿಯಲ್ಲಿ ಹೊಡೆಯುವಾಗ ಗಮನಿಸಿರಲಿಲ್ಲ.

"ಇವರು ಯಾರ್ರಿ ಸರ್?"

ಅಧ್ಯಕ್ಷರು ಕಿಟಕಿ ನೋಡಿದರು, ಗೋಡೆ ನೋಡಿದರು. "ಶಾಲಿ ದಾಖಲಾದಾಗಿನ ಹೆಸರವಾ. ಊರಾಗ ಯಾರೂ ಹಂಗ ಕರ್ಯಾಂಗಿಲ್ಲ. ಒಂಬತ್ತನೇತ್ತಕ್ಕ ಶಾಲಿ ಬಿಟ್ಟಿದ್ನಿ. ಈ ವರ್ಷ ಮಗಳೂ ಹತ್ತನೇತ್ತ ಅದಾಳ. ಲೆಕ್ಕಾ ಕೇಳಾಕ ಬಂದಾಗೆಲ್ಲಾ ಮೀಟಿಂಗ್ ಐತಿ ಅಂತ ಹೊರಗ ಹೊಂಟಬಿಡ್ತೇನಿ."

ನಾನು ಯಂತ್ರದ ಕಡೆ ತಿರುಗಿದೆ.

"ಪರೀಕ್ಷಾ ಕೇಂದ್ರ ಸವಣೂರ ಬರೀಲೇನ್ರಿ?"

"ಬ್ಯಾಡ ಬ್ಯಾಡ!"

"ಶಿಗ್ಗಾಂವಿ?"

"ಬ್ಯಾಡವಾ."

"ಹಾನಗಲ್ಲ?"

"ಅಲ್ಲಂತೂ ಬ್ಯಾಡ. ಹಿರೇಕೆರೂರ ಬರಿ."

"ದೂರ ಆಗತೈತಲ್ರಿ ಸರ್?"

"ಆಗಲಿ," ಅಂದರು ಅಧ್ಯಕ್ಷರು, ದನಿ ಇಳಿಸಿ. "ವಿದ್ಯೆಯ ಮಹತ್ವ ಅಂತ ಅಲ್ಲಿ ಇನ್ನೂ ಭಾಷಣಾ ಮಾಡಿಲ್ಲ."